ಮೋಟಾರು ಸೈಕಲ್ಲಿನ ಮುಂಗವಲು: ಗುಣದೋಷ ವಿಚಾರ

ರಾಯಚೂರಿನಿಂದ ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ಹೋಗಿಬರುವ ಗೃಹಸ್ಥರು ಎರೆನೆಲದ ಸ್ವಭಾವವನ್ನು ಚೆನ್ನಾಗಿ ಬಲ್ಲರು. ಮಳೆಗೆ ಉಬ್ಬುವುದೂ ಬಿಸಿಲಿಗೆ ಬಿರಿಯುವುದೂ ಈ ಮಣ್ಣಿನ ಧರ್ಮವಾದುದರಿಂದ, ಅದರ ಮೇಲೆ ಹಾಸಿದ ಡಾಂಬರು ರಸ್ತೆಯೂ ಬಹುಕಾಲ ಸಮನಾಗಿ ನಿಲ್ಲದು. ಆ ತಗ್ಗುದಿನ್ನೆಗಳ ಮೊದಲ ಪೆಟ್ಟನ್ನು ತಾಳತಕ್ಕದ್ದು ಮೋಟಾರು ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿದಿರುವ ಅಂಗ. ಮಿಸ್ತ್ರಿಗಳು ಇದನ್ನು ಫೋರ್ಕು ಎನ್ನುವರು. ನಾವು ಮುಂಗವಲು ಎನ್ನೋಣ. ವಾಹನವನ್ನು ಕೊಳ್ಳುವಾಗ ಬಣ್ಣವನ್ನೂ ಮೈಲೇಜನ್ನೂ ವಿಚಾರಿಸುವ ನಾವು ಇದನ್ನು ಕುರಿತು ಒಂದು ಮಾತನ್ನೂ ಕೇಳುವುದಿಲ್ಲ.

ಈ ಉದಾಸೀನದ ಫಲವನ್ನು ನಾವೇ ಉಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ಸೋದರಳಿಯನ ಹಿಂದೆ ಕುಳಿತು ಮಾನ್ವಿಯಿಂದ ರಾಯಚೂರಿಗೆ ಬರುತ್ತಿದ್ದೆವು. ಎಮ್ಮೆಯೊಂದು ಅಡ್ಡ ಬಂದಿತು. ಅವನು ಬ್ರೇಕನ್ನು ಒತ್ತಿದನು, ಅದು ಹಿಡಿಯಲಿಲ್ಲ. ಪಕ್ಕಕ್ಕೆ ತಿರುಗಿಸಹೋಗಿ ಇಬ್ಬರೂ ಭತ್ತದ ಗದ್ದೆಗೆ ಬಿದ್ದೆವು. ಕೆಸರು ಪ್ರಾಣವನ್ನುಳಿಸಿತು, ಅಳಿಯನ ಮಣಿಕಟ್ಟು ಮುರಿಯಿತು. ಮಿಸ್ತ್ರಿಯು ಗಾಲಿಯನ್ನು ನೋಡಿ, “ಮಾಸ್ತರ್ರೀ, ಎಣ್ಣಿ ಸೋರಾಕತ್ತಿ ಭಾಳ ದಿನ ಆಗೈತ್ರಿ” ಎಂದನು. ಮುಂಗವಲಿನ ಎಣ್ಣೆಯು ಬ್ರೇಕಿನ ಡಿಸ್ಕಿನ ಮೇಲೆ ಹರಿದಿದ್ದಿತು. ತಪ್ಪು ನಮ್ಮದೇ.

ಈಗ ಎಲ್ಲೆಲ್ಲೂ ಕಾಣುವುದು ನಳಿಕೆಯೊಳಗೆ ನಳಿಕೆಯು ಜಾರುವ ಟೆಲಿಸ್ಕೋಪಿಕ್ ಮುಂಗವಲು. ಒಳಗೆ ಪೆಟ್ಟನ್ನು ನುಂಗುವ ಸ್ಪ್ರಿಂಗೂ, ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ ಎಣ್ಣೆಯೂ ಇರುವುವು. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು ಎಣ್ಣೆಯ ಹಿಡಿತವುಳ್ಳ ಇಂಥ ಮುಂಗವಲನ್ನು ತನ್ನ ವಾಹನಗಳಿಗೆ ಅಳವಡಿಸಿತು. ಮೈಸೂರಿನಲ್ಲಿ 1961ರಿಂದ ತಯಾರಾಗಿ, 1996ರಲ್ಲಿ ನಿಂತುಹೋದ ಜಾವಾ-ಯೆಜ್ದಿಗಳಲ್ಲಿಯೂ ಟೆಲಿಸ್ಕೋಪಿಕ್ ಮುಂಗವಲೇ ಇದ್ದಿತು. ಇದು ಸರಳ, ಹಗುರ. ಗಾಲಿಗೆ ಏರಿಳಿಯಲು ಹೆಚ್ಚು ಅವಕಾಶವನ್ನು ಕೊಡುವುದು. ದೋಷವೆಂದರೆ, ಬ್ರೇಕು ಹಿಡಿದೊಡನೆ ಭಾರವು ಮುಂದಕ್ಕೆ ಸರಿದು ಮುಂಭಾಗವು ಬಾಗುವುದು. ಕುಗ್ಗಿದ ಸ್ಪ್ರಿಂಗಿಗೆ ಎದುರಿನ ತಗ್ಗನ್ನು ತಾಳುವ ಎಡೆ ಎಲ್ಲಿಯದು? ಸ್ಪ್ರಿಂಗನ್ನು ಗಡುಸು ಮಾಡಿದರೆ ಬಾಗುವುದು ಕಡಿಮೆಯಾದೀತು; ಆದರೆ ಸಣ್ಣ ಕಲ್ಲಿನ ಪೆಟ್ಟೂ ಭುಜಕ್ಕೆ ಮುಟ್ಟುವುದು.

ಎರಡನೆಯ ಬಗೆ ತೋಳಿನದು. ಕೀಲಿನ ಮೇಲೆ ತಿರುಗುವ ತೋಳಿನ ತುದಿಯಲ್ಲಿ ಗಾಲಿಯಿರುವುದು. ಹಳೆಯ ಬಜಾಜ್ ಚೇತಕದಲ್ಲಿ ಕೀಲು ಗಾಲಿಯ ಅಚ್ಚಿಗಿಂತ ಮುಂದಿದ್ದಿತು. ಬ್ರೇಕು ಹಿಡಿದರೆ ಅದೂ ಮೂತಿಯನ್ನು ತಗ್ಗಿಸುತ್ತಿದ್ದಿತು. 1955ರಿಂದ 1969ರವರೆಗೆ ಬಿಎಂಡಬ್ಲ್ಯು ಬಳಸಿದ ಅರ್ಲ್ಸ್ ಮುಂಗವಲಿನಲ್ಲಿ ಕೀಲು ಅಚ್ಚಿಗಿಂತ ಹಿಂದಿದ್ದುದರಿಂದ, ಬ್ರೇಕು ಹಿಡಿದಾಗ ಮುಂಭಾಗವು ಬಾಗುವುದರ ಬದಲು ಏಳುತ್ತಿದ್ದಿತು. ಆದರೆ ಅದರ ಭಾರದಿಂದ ಹ್ಯಾಂಡಲ್ಲು ತಿರುಗಿಸುವುದು ಮಂದವಾಯಿತು. ಹೋಂಡಾ ಆಕ್ಟಿವಾ ಸ್ಕೂಟರು ಬಹುಕಾಲ ಗಿಡ್ಡ ತೋಳನ್ನೇ ನೆಚ್ಚಿ, 2020ರಲ್ಲಿ ಟೆಲಿಸ್ಕೋಪಿಕ್ಕಿಗೆ ಬದಲಾಯಿತು.

ಮೂರನೆಯದು ನಳಿಕೆಗಳನ್ನು ತಲೆಕೆಳಗು ಮಾಡಿದ ಬಗೆ. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310ರಲ್ಲಿ ಇದನ್ನು ಕಾಣಬಹುದು. ದಪ್ಪ ನಳಿಕೆಯು ಮೇಲಿರುವುದರಿಂದ ಬಿಗಿ ಹೆಚ್ಚು. ಆದರೆ ಆಯಿಲ್ ಸೀಲು ಕೆಳಗಿಳಿದು ಧೂಳುಕೆಸರುಗಳಿಗೆ ಹತ್ತಿರವಾಗುವುದು, ಬೆಲೆಯೂ ಏರುವುದು.

ಹೀಗೆ ಒಂದು ಗುಣವನ್ನು ಪಡೆದವನು ಒಂದು ದೋಷವನ್ನು ಹೊರಲೇಬೇಕು. ಆದುದರಿಂದ “ಯಾವುದು ಶ್ರೇಷ್ಠ?” ಎಂದು ಕೇಳದೆ, “ನಮ್ಮ ರಸ್ತೆಗೆ ಯಾವುದು ತಕ್ಕುದು, ನಮ್ಮೂರ ಮಿಸ್ತ್ರಿಯು ಯಾವುದನ್ನು ಸರಿಪಡಿಸಬಲ್ಲನು?” ಎಂದು ಕೇಳುವುದು ವಿವೇಕ. ನಮ್ಮ ಸೀಮೆಗೆ ಸಾಧಾರಣ ಟೆಲಿಸ್ಕೋಪಿಕ್ ಸಾಕೆಂಬುದು ನಮ್ಮ ಮತ. ಆದರೆ ಅದನ್ನು ನೋಡಿಕೊಳ್ಳಬೇಕು. ಹೊಳೆಯುವ ನಳಿಕೆಗೆ ಅಂಟಿದ ಕೆಸರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲ್ಲನ್ನು ಕೆಳಕ್ಕೊತ್ತಿ ಬಿಡಿರಿ. ನಳಿಕೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲು ಸವೆದಿದೆಯೆಂದೇ ತಿಳಿದು, ಬದಲಿಸುವವರೆಗೆ ವಾಹನವನ್ನು ಹೊರಗೆ ತೆಗೆಯಬೇಡಿರಿ.

ನಮ್ಮ ಅಳಿಯನು ಈಗ ಪ್ರತಿ ಭಾನುವಾರವೂ ಹೀಗೆ ನೋಡುತ್ತಾನೆ. ಅವನ ಮಣಿಕಟ್ಟು ಚಳಿಗಾಲದಲ್ಲಿ ಇನ್ನೂ ನೋಯುವುದು.