ಕಲ್ ಬಂಗಲ: ಊಟಿಯ ಕಲ್ಲುಮನೆ ಮತ್ತು ಸಲ್ಲಿವನ್ ಕುಟುಂಬ

ಗಡಿಯಾಚೆಯ ಕನ್ನಡ ಅಂದಕೂಡಲೇ ನಾವು ಶಾಸನ, ಶಾಲೆ, ಜನಗಣತಿ ಅಂತ ಹೋಗ್ತೇವೆ. ಇವತ್ತು ನಾನು ಒಂದು ಮನೆಯ ಹೆಸರನ್ನೇ ದಾಖಲೆಯಾಗಿ ಓದಲು ಪ್ರಯತ್ನಿಸುತ್ತೇನೆ. ಊಟಿಯ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿರುವ ಈ ಹಳೆಯ ಮನೆಯನ್ನು ಇಂಗ್ಲಿಷರು ‘ಸ್ಟೋನ್‌ಹೌಸ್’ ಎಂದರು. ಬೆಟ್ಟದ ಜನ ‘ಕಲ್ ಬಂಗಲ’ ಅಂದರು.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕಲ್ಲು’ ನಮ್ಮ ಪದ; ‘ಬಂಗಲೆ’ ಬಂಗಾಳದ ಹೆಸರಿನಿಂದ ಹುಟ್ಟಿ ಕಂಪನಿಯವರ ಜೊತೆ ಬೆಟ್ಟ ಹತ್ತಿದ ಪದ. ನೀಲಗಿರಿಯ ಬಡಗರ ಹೆಸರಿನಲ್ಲೇ ‘ಬಡಗು’ ಇದೆ, ಅಂದರೆ ಉತ್ತರ. ವಿಜಯನಗರ ಕುಸಿದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟ ಏರಿದವರು ಇವರು. ಅವರ ಮಾತನ್ನು ಹಿಂದೆ ಕನ್ನಡದ ಉಪಭಾಷೆ ಎನ್ನುತ್ತಿದ್ದರು. ಇಂದು ಅನೇಕ ಭಾಷಾವಿಜ್ಞಾನಿಗಳು ಕನ್ನಡಕ್ಕೆ ತೀರಾ ಹತ್ತಿರದ ಸ್ವತಂತ್ರ ಭಾಷೆ ಎನ್ನುತ್ತಾರೆ.

ಈ ಹೆಸರಿನಲ್ಲಿ ಒಂದು ವಿಶೇಷವಿದೆ, ಗಮನಿಸಿ. ಕಟ್ಟಿಸಿದವರ ಹೆಸರು ಇಲ್ಲ, ಕಲ್ಲು ಮಾತ್ರ ಇದೆ. ತೋಡರ ಮನೆ ಬಿದಿರು, ಬೆತ್ತ, ಹುಲ್ಲಿನಿಂದ ಕಟ್ಟಿದ, ಅರ್ಧ ಪೀಪಾಯಿಯ ಆಕಾರದ ಮನೆ. ಬಡಗರದು ಹಟ್ಟಿಯಲ್ಲಿ ಒಂದಕ್ಕೊಂದು ಅಂಟಿದ ಸಾಲುಮನೆ. ಹಾಗಂತ ನೀಲಗಿರಿಗೆ ಕಲ್ಲು ಹೊಸದೇನಲ್ಲ. ಬೆಟ್ಟದ ನೆತ್ತಿಗಳ ಮೇಲೆ ಪ್ರಾಚೀನ ಕಲ್ಲುವೃತ್ತಗಳಿವೆ, ಶೋಲೂರು, ಮೇಲೂರುಗಳಲ್ಲಿ ಕೆತ್ತನೆಯ ಕಲ್ಮನೆ ಗುಡಿಗಳಿವೆ. ಅವು ಸತ್ತವರ ನೆನಪಿಗೆ, ಪೂಜೆಗೆ ಸೇರಿದವು. ಬದುಕಿರುವ ಒಬ್ಬ ಅಧಿಕಾರಿ ತನ್ನ ಸಂಸಾರಕ್ಕೆ ಕಲ್ಲಿನ ಬಂಗಲೆ ಕಟ್ಟಿಸಿದ್ದು ಹೊಸತು. ಜನ ಆ ಹೊಸತನವನ್ನೇ ಹೆಸರಾಗಿಸಿದರು ಎಂಬುದು ನನ್ನ ಓದು.

ಕಟ್ಟಿಸಿದವರು ಜಾನ್ ಸಲ್ಲಿವನ್, ಕೊಯಮತ್ತೂರಿನ ಕಲೆಕ್ಟರ್. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಬೆಟ್ಟಗಳು ಕೊಯಮತ್ತೂರಿನ ಜೊತೆ ಕಂಪನಿಯ ಕೈಸೇರಿದ್ದವು. ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದರು. ಮೊದಲು ಕೋಟಗಿರಿ ಹತ್ತಿರದ ದಿಂಬಹಟ್ಟಿಯಲ್ಲಿ ಬಂಗಲೆ ಮಾಡಿಕೊಂಡರು. 1822ರಲ್ಲಿ ಊಟಿಯಲ್ಲಿ ಈ ಕಲ್ಲುಮನೆಯ ಕೆಲಸ ಶುರುವಾಯಿತು. ಊಟಿಯ ಕೆರೆಯನ್ನು ಕಟ್ಟಿಸಿದವರೂ ಅವರೇ.

ಈಗ ಮುಖ್ಯ ವಿಷಯಕ್ಕೆ ಬರೋಣ: ಮನೆ ನಿಂತ ನೆಲ ಯಾರದು? ಸಲ್ಲಿವನ್ ತೋಡರಿಂದ ಎಕರೆಗೆ 1 ರೂಪಾಯಿಯಂತೆ ನೆಲ ಕೊಂಡರು ಎಂದು ಇತಿಹಾಸಕಾರರು ಬರೆಯುತ್ತಾರೆ. ತೀರಾ ಅಗ್ಗದ ಬೆಲೆ, ನಿಜ. ಆದರೆ ದುಡ್ಡು ಕೊಟ್ಟದ್ದು ತೋಡರಿಗೆ, ಅದನ್ನು ಮರೆಯಬಾರದು. ಕೊಂಡೆ ಎಂದಮೇಲೆ ಮಾರಿದವರಿಗೆ ಹಕ್ಕಿತ್ತು ಎಂದು ಒಪ್ಪಿದ ಹಾಗೆ ಅಲ್ಲವೇ? ಮುಂದೆ ಸಲ್ಲಿವನ್ ಇದನ್ನೇ ವಾದವಾಗಿ ಬೆಳೆಸಿದರು: ಪ್ರಸ್ಥಭೂಮಿಯ ಒಡೆಯರು ತೋಡರು, ಸರ್ಕಾರವಲ್ಲ. ಬಡಗರು ತಮ್ಮ ಬೆಳೆಯಲ್ಲಿ ತೋಡರಿಗೆ ಒಂದು ಪಾಲು ಕೊಡುತ್ತಿದ್ದ ರೂಢಿ ಈ ವಾದಕ್ಕೆ ಆಧಾರವಾಯಿತು. ಮದ್ರಾಸಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್ ಒಪ್ಪಲಿಲ್ಲ. 1830ರಲ್ಲಿ ಬೆಟ್ಟದ ಹೆಚ್ಚಿನ ಭಾಗವನ್ನು ಮಲಬಾರ್ ಜಿಲ್ಲೆಗೆ ಸೇರಿಸಿದರು. ಅದು ಕೊಯಮತ್ತೂರಿಗೆ ಮರಳಿದ್ದು 1843ರಲ್ಲಿ.

ಸಲ್ಲಿವನ್ನರನ್ನು ತೋಡರ ಉಪಕಾರಿ ಅಂತ ಹೊಗಳಿ ಮುಗಿಸೋದು ಸುಲಭ, ಭೂದಾಹಿ ಅಂತ ತೆಗಳೋದೂ ಸುಲಭ. ತೋಡರ ಹಕ್ಕಿಗೆ ವಾದಿಸಿದವರೂ ಅವರೇ, ಆ ಹಕ್ಕನ್ನು ಅಗ್ಗಕ್ಕೆ ಕೊಂಡವರೂ ಅವರೇ. ತೋಡರ ಹಕ್ಕು ಗಟ್ಟಿಯಾದಷ್ಟೂ ಅವರ ಕ್ರಯವೂ ಗಟ್ಟಿಯಾಗುತ್ತಿತ್ತು. ಕಲ್ಲುಮನೆಯ ಚರಿತ್ರೆಯನ್ನು ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಬೇಕು.

ಕುಟುಂಬದ ಕಥೆ ಸುಖಾಂತವಲ್ಲ. 1820ರಲ್ಲಿ ಸಲ್ಲಿವನ್ನರ ಕೈಹಿಡಿದ ಹೆನ್ರಿಯೆಟ್ಟಾ ಸಿಸಿಲಿಯಾ 1838ರಲ್ಲಿ ತೀರಿಕೊಂಡರು. ಮಗಳು ಹ್ಯಾರಿಯೆಟ್ ಕೂಡ ಅದೇ ವರ್ಷ ಹೋದಳು. ಅವರ ಸಮಾಧಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಆವರಣದಲ್ಲಿದೆ. ಆ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು ಅನ್ನೋದು ಪ್ರಸಿದ್ಧ. ಸಲ್ಲಿವನ್ 1841ರಲ್ಲಿ ಭಾರತ ಬಿಟ್ಟು, 1855ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಮಗ ಹೆನ್ರಿ ಎಡ್ವರ್ಡ್ ಮುಂದೆ ತಂದೆಯಂತೆಯೇ ಕೊಯಮತ್ತೂರಿನ ಕಲೆಕ್ಟರ್ ಆದರು.

ಕುಟುಂಬ ಹೋಯಿತು, ಉಳಿದದ್ದೇನು? 1955ರಲ್ಲಿ ಶುರುವಾದ ಕಾಲೇಜು ಇಂದಿಗೂ ಈ ಗುಡ್ಡದ ಮೇಲಿದೆ. ಸಲ್ಲಿವನ್ ಕಾಲದಲ್ಲಿ ಬೆಟ್ಟಕ್ಕೆ ಬಂದ ಇಂಗ್ಲಿಷ್ ತರಕಾರಿಗಳು ಬಡಗರ ಹೊಲಕ್ಕಿಳಿದವು. ರಾಗಿ, ಸಾಮೆ ಬೆಳೆಯುತ್ತಿದ್ದ ನೆಲದಲ್ಲಿ ಆಲೂಗಡ್ಡೆ, ಕೋಸು, ಕ್ಯಾರೆಟ್ ಬಂದವು, ಆಮೇಲೆ ಚಹಾ. ತೋಡರ ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲು ಮಾತ್ರ ಕಿರಿದಾಗುತ್ತಲೇ ಹೋಯಿತು.

ಹಾಗಾಗಿ ಊಟಿ 1822ರಲ್ಲಿ ‘ಹುಟ್ಟಿತು’ ಎಂಬ ಮಾತನ್ನು ನಾವು ತಿದ್ದಿಕೊಳ್ಳಬೇಕು. ಅದು ಒಂದು ಮನೆ ಎದ್ದ ವರ್ಷ. ನೆಲಕ್ಕೆ ಆಗಲೇ ಒಡೆಯರಿದ್ದರು, ಬೆಟ್ಟದಲ್ಲಿ ಉಳುವವರಿದ್ದರು, ಹೊಸ ಮನೆಗೆ ಹೆಸರಿಡಬಲ್ಲ ಭಾಷೆಯೂ ಇತ್ತು. ‘ಕಲ್ ಬಂಗಲ’ ಎಂಬ ಎರಡು ಪದ ಅಷ್ಟಕ್ಕೆ ಸಾಕ್ಷಿ. ನೀಲಗಿರಿಯ ಹಟ್ಟಿಗಳಲ್ಲಿ ಇಂಥ ಹೆಸರುಗಳನ್ನು ಹಿರಿಯರ ಬಾಯಿಂದಲೇ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿಭಾಗಗಳು ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಪ್ರಶ್ನೆಗಳಿದ್ದರೆ ತಗೊಳ್ಳೋಣ.