ಕಣಿವೆಗೊಂದು ನುಡಿ, ನಕ್ಷೆಗೊಂದು ಗೆರೆ

ಕಿಂತುಪ್ ಸಿಕ್ಕಿಮಿನವನು. ಡಾರ್ಜಿಲಿಂಗಿನಲ್ಲಿ ದರ್ಜಿಯಾಗಿದ್ದ, ಓದು ಬರಹ ಬಾರದು. ಟಿಬೆಟಿನ ಸಾಂಗ್ಪೊ ನದಿಯೇ ಹಿಮಾಲಯ ಸೀಳಿಕೊಂಡು ಅಸ್ಸಾಮಿಗಿಳಿದು ಬ್ರಹ್ಮಪುತ್ರ ಆಗುತ್ತದೆಯೇ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ತಿಳಿದು ಬರಲು ಬ್ರಿಟಿಷರ ಸರ್ವೆ ಇಲಾಖೆ 1880ರಲ್ಲಿ ಒಬ್ಬ ಲಾಮಾನ ಜೊತೆ ಇವನನ್ನು ಕಳಿಸಿತು. ಲಾಮಾ ದಾರಿಯಲ್ಲೇ ಇವನನ್ನು ಜೀತಕ್ಕೆ ಮಾರಿ ಕೈತೊಳೆದುಕೊಂಡ. ಕಿಂತುಪ್ ತಪ್ಪಿಸಿಕೊಂಡು ಓಡಿದ, ಒಂದು ಮಠದಲ್ಲಿ ಆಳಾಗಿ ಉಳಿದ, ಆದರೆ ಒಪ್ಪಿಕೊಂಡ ಕೆಲಸ ಮರೆಯಲಿಲ್ಲ. ತೀರ್ಥಯಾತ್ರೆಯ ನೆಪ ಹೇಳಿ ರಜೆ ಪಡೆದು ಐನೂರು ಮರದ ತುಂಡು ಕಡಿದ, ಗುರುತು ಹಾಕಿದ, ದಿನಕ್ಕೆ ಐವತ್ತರಂತೆ ನದಿಗೆ ಬಿಟ್ಟ. ಕೆಳಗೆ ಅಸ್ಸಾಮಿನಲ್ಲಿ ಕಾದು ನೋಡಿ ಎಂದು ಬೇರೆಯವರ ಕೈಲಿ ಬರೆಸಿ ಕಳಿಸಿದ್ದ ಪತ್ರವನ್ನು ಓದಬೇಕಾದ ಅಧಿಕಾರಿ ಅಷ್ಟರಲ್ಲಿ ದೇಶ ಬಿಟ್ಟಿದ್ದ. ಐನೂರೂ ತುಂಡು ಯಾರ ಕಣ್ಣಿಗೂ ಬೀಳದೆ ಹರಿದು ಹೋದವು. ನಾಲ್ಕು ವರ್ಷದ ಮೇಲೆ ವಾಪಸಾದವನ ಮಾತನ್ನು ಹಲವರು ನಂಬಲೂ ಇಲ್ಲ.

ಆ ತುಂಡುಗಳು ತೇಲಿಹೋದ ನಡುವಿನ ಹಾದಿಯೇ ಸಿಯಾಂಗ್ ನದಿ. ಅದು ಹರಿಯುವುದು ಇಂದಿನ ಅರುಣಾಚಲ ಪ್ರದೇಶದಲ್ಲಿ. ಅಂದಿನಿಂದ ಇಂದಿನವರೆಗೆ ಈ ನಾಡಿನ ಪಾಡು ಹೆಚ್ಚುಕಡಿಮೆ ಇಷ್ಟೇ: ಮೇಲಿನಿಂದ ಏನೇನೋ ಬರುತ್ತದೆ, ಕೆಳಗೆ ನೋಡುವವರಿಲ್ಲ.

ವಿಸ್ತೀರ್ಣ 83,743 ಚದರ ಕಿಲೋಮೀಟರ್. ಜನ 2011ರ ಗಣತಿಯಲ್ಲಿ 13.8 ಲಕ್ಷ, ನಮ್ಮ ಮೈಸೂರು ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲೇ ಇಪ್ಪತ್ತಾರು ಮುಖ್ಯ ಬುಡಕಟ್ಟುಗಳು, ಅವುಗಳೊಳಗೆ ನೂರಕ್ಕೂ ಹೆಚ್ಚು ಕವಲುಗಳು. ಕಾಮೆಂಗ್, ಸುಬನ್ಸಿರಿ, ಸಿಯಾಂಗ್, ಲೋಹಿತ್, ತಿರಪ್ ಎಂದು ಹೊಳೆಗಳು ಕೈಬೆರಳುಗಳಂತೆ ಬಿಡಿಬಿಡಿಯಾಗಿ ಇಳಿಯುತ್ತವೆ. ಬೆರಳ ಸಂದಿಯಲ್ಲೆಲ್ಲ ಎತ್ತರದ ಬೆಟ್ಟ. ಪಕ್ಕದ ಕಣಿವೆಗೆ ಹೋಗಬೇಕೆಂದರೆ ಅಸ್ಸಾಮಿನ ಬಯಲಿಗಿಳಿದು ಮತ್ತೆ ಹತ್ತಬೇಕಾದ ಕಾಲ ತೀರಾ ಹಳೆಯದೇನಲ್ಲ. ಹಾಗಾಗಿ ಕಣಿವೆಗೊಂದು ನುಡಿ. ಬೇರೆ ಬೇರೆ ಕಣಿವೆಯ ಇಬ್ಬರು ಪೇಟೆಯಲ್ಲಿ ಸಿಕ್ಕರೆ ಮಾತಾಡುವುದು ಹಿಂದಿಯಲ್ಲಿ, ಹಿಂದೆ ಅಸ್ಸಾಮಿಯಲ್ಲಿ. ಮೋನ್ಪಾ ಮಠಗಳಲ್ಲಿ ಟಿಬೆಟನ್ ಲಿಪಿ, ಖಾಮ್ತಿಗಳಿಗೆ ಅವರದೇ ಲಿಪಿ. ವಾಂಚೊ ನುಡಿಗೆ ಬಾನ್ವಾಂಗ್ ಲೋಸು ಎಂಬ ಆ ಸಮುದಾಯದ ಯುವಕ ವರ್ಷಗಟ್ಟಲೆ ಕೂತು ಹೊಸ ಲಿಪಿಯನ್ನೇ ಕಟ್ಟಿದರು. 2019ರಲ್ಲಿ ಅದು ಯೂನಿಕೋಡ್ ಸೇರಿತು.

ಜೀರೊ ಕಣಿವೆಯ ಅಪತಾನಿಗಳ ಗದ್ದೆಯನ್ನು ಮಾತ್ರ ಬದುವಿನ ಮೇಲೆ ಕೂತೇ ನೋಡಬೇಕು. ಸಾಂಪ್ರದಾಯಿಕ ಬೇಸಾಯದಲ್ಲಿ ಇಲ್ಲಿ ನೇಗಿಲಿಲ್ಲ, ಎತ್ತಿಲ್ಲ. ಎಲ್ಲ ಗುದ್ದಲಿ ಕೆಲಸ. ಕಾಡಿನ ತೊರೆಯನ್ನು ಕಾಲುವೆಗೆ ತಿರುಗಿಸಿ, ಗದ್ದೆಯಿಂದ ಗದ್ದೆಗೆ ಬಿದಿರ ಕೊಳವೆಯಲ್ಲಿ ಇಳಿಸುತ್ತಾರೆ. ಭತ್ತದ ನಡುವೆ ಕಾಲುವೆ ತೋಡಿ ಮೀನುಮರಿ ಬಿಡುತ್ತಾರೆ. ನೀರು ತುಂಬಿದಾಗ ಮೀನು ಪೈರಿನ ನಡುವೆ ಓಡಾಡುತ್ತದೆ, ಇಳಿದಾಗ ಕಾಲುವೆಗೆ ಸೇರುತ್ತದೆ. ಬದುವಿನ ಮೇಲೆ ಏನು ಗೊತ್ತೇ? ರಾಗಿ. ಒಂದೇ ತುಂಡು ನೆಲದಲ್ಲಿ ಅನ್ನ, ಸಾರಿಗೆ ಮೀನು, ಮೇಲೆ ರಾಗಿ! ರಾಗಿ ಬಹುಮಟ್ಟಿಗೆ ಕಳ್ಳಿಗೆ ಹೋಗುತ್ತದೆ, ಮುದ್ದೆಗಲ್ಲ, ಮಂಡ್ಯದವರು ಮನ್ನಿಸಬೇಕು. ಹಬ್ಬಕ್ಕೆ, ಮದುವೆಗೆ ಮಿಥುನ್ ಬೇಕು. ಅದು ನಮ್ಮ ಮಲೆನಾಡಿನ ಕಾಟಿಯ ಸಾಕು ದಾಯಾದಿ. ಕೊಟ್ಟಿಗೆಯಲ್ಲಿ ಕಟ್ಟುವುದಿಲ್ಲ, ಕಾಡಿಗೆ ಬಿಡುತ್ತಾರೆ. ಉಪ್ಪು ಹಿಡಿದು ಕರೆದರೆ ಬರುತ್ತದೆ.

ಹೊರಗಿನವರು ಈ ಜನಕ್ಕೆ ಹೆಸರಿಟ್ಟದ್ದು ಇನ್ನೊಂದು ಕಥೆ. ಆದಿ ಜನರನ್ನು ‘ಅಬೋರ್’ ಎಂದರು. ಯಾರ ಹತೋಟಿಗೂ ಸಿಗದವರು ಎಂಬ ಅರ್ಥದಲ್ಲಿ. ನ್ಯಿಶಿಗಳನ್ನು ‘ಡಫ್ಲಾ’ ಎಂದರು. ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ‘ಅಬೋರ್’ ತೊಲಗಿದ್ದು 2021ರಲ್ಲಿ. ನಾಡಿಗೂ ಮೊದಲು ನೇಫಾ ಎಂಬ ಕಚೇರಿಯ ಹೆಸರಿತ್ತು. 1972ರಲ್ಲಿ ಕೇಂದ್ರಾಡಳಿತ ಪ್ರದೇಶವಾದಾಗ ಅರುಣಾಚಲವಾಯಿತು, 1987ರ ಫೆಬ್ರುವರಿ 20ರಂದು ರಾಜ್ಯವಾಯಿತು. ಇತ್ತೀಚೆಗೆ ಬೀಜಿಂಗ್ ಕೂಡ ಇಲ್ಲಿನ ಊರು, ಬೆಟ್ಟಗಳಿಗೆ ತನ್ನದೇ ಹೆಸರುಪಟ್ಟಿ ಹೊರಡಿಸುತ್ತಿದೆ. ಊರವರನ್ನು ಕೇಳುವ ಪದ್ಧತಿ ಅಲ್ಲಿಯೂ ಇಲ್ಲ.

ಗಡಿಗೆರೆಯ ಕಥೆ ಚಿಕ್ಕದು. 1914ರಲ್ಲಿ ಸಿಮ್ಲಾ ಸಭೆಯ ಕಾಲಕ್ಕೆ ಮ್ಯಾಕ್‌ಮಹೊನ್ ರೇಖೆ ಎಳೆದರು, ಚೀನಾ ಒಪ್ಪಲಿಲ್ಲ. 1951ರಲ್ಲಿ ಮಣಿಪುರದ ತಾಂಗ್‌ಖುಲ್ ನಾಗಾ ಅಧಿಕಾರಿ ಮೇಜರ್ ಬಾಬ್ ಖಾಥಿಂಗ್ ತವಾಂಗ್‌ಗೆ ನಡೆದು ಹೋಗಿ ಭಾರತದ ಆಡಳಿತ ನೆಲೆಗೊಳಿಸಿದರು. 1959ರ ಮಾರ್ಚ್ 31ರಂದು ದಲೈ ಲಾಮಾ ಭಾರತಕ್ಕೆ ಕಾಲಿಟ್ಟದ್ದು ಇದೇ ದಿಕ್ಕಿನಿಂದ. 1962ರ ಯುದ್ಧದಲ್ಲಿ ಚೀನಾ ಸೇನೆ ಬೊಮ್ಡಿಲಾ ದಾಟಿ ಇಳಿದು ಬಂದು, ತಾನೇ ಕದನವಿರಾಮ ಸಾರಿ ಹಿಂದಕ್ಕೆ ಹೋಯಿತು.

ತವಾಂಗ್ ಮಠ ಹದಿನೇಳನೇ ಶತಮಾನದ ಕೊನೆಯದು. ಅದರ ನಂಟು ಲಾಸಾದ ಡ್ರೆಪುಂಗ್ ಮಠದ್ದು. ಆ ಡ್ರೆಪುಂಗ್ ಮತ್ತೆ ಕಟ್ಟಿಕೊಂಡದ್ದು ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಹಾಗಾಗಿ ತವಾಂಗಿನ ಮೋನ್ಪಾ ಹುಡುಗರು ಹಿಮ ಬಿಟ್ಟು ಬಂದು ಜೋಳದ ಹೊಲಗಳ ನಡುವೆ ತರ್ಕಶಾಸ್ತ್ರ ಓದುತ್ತಾರೆ.

ಇನ್ನೊಂದು ನಂಟು ಮೈಸೂರಿನದು. ನ್ಯಿಶಿ ಗಂಡಸರ ಬೆತ್ತದ ಟೋಪಿಯ ನೆತ್ತಿಯಲ್ಲಿ ಮಂಗಟ್ಟೆ ಹಕ್ಕಿಯ ಕೊಕ್ಕು ಇರಬೇಕು. ಅದಕ್ಕಾಗಿ ಹಕ್ಕಿಯನ್ನು ಬೇಟೆಯಾಡುತ್ತಿದ್ದರು. ಈಗ ಫೈಬರ್ ಗ್ಲಾಸಿನ ಕೊಕ್ಕು ಬಂದಿದೆ. ಪಕ್ಕೆ ಹುಲಿ ಅಭಯಾರಣ್ಯದ ಅಂಚಿನ ಹಳ್ಳಿಗಳಲ್ಲಿ ಹಳೆಯ ಬೇಟೆಗಾರರೇ ಗೂಡು ಕಾಯುತ್ತಾರೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಅಲ್ಲಿನ ಹಳ್ಳಿ ಹಿರಿಯರು ಹಾಗೂ ಅರಣ್ಯ ಇಲಾಖೆ ಹತ್ತು ವರ್ಷಕ್ಕೂ ಮೀರಿ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ಹೋಗುವ ಮನಸ್ಸಾದರೆ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಿ. 1873ರ ಬ್ರಿಟಿಷ್ ಕಟ್ಟಳೆ ಅದು, ಭಾರತೀಯರಿಗೂ ಬೇಕು. ತವಾಂಗ್, ಜೀರೊ, ಪಾಸಿಘಾಟ್ ಎಲ್ಲವನ್ನೂ ಒಂದು ವಾರದಲ್ಲಿ ಮುಗಿಸುವ ಪ್ಯಾಕೇಜು ಬೇಡ. ಅರ್ಧಕ್ಕರ್ಧ ದಿನಗಳು ಜೀಪಿನಲ್ಲೇ ಕಳೆದುಹೋಗುತ್ತವೆ. ಒಂದು ಕಣಿವೆ ಆರಿಸಿಕೊಳ್ಳಿ, ಬೆಳಿಗ್ಗೆ ಬೇಗ ಏಳಿ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಅಲ್ಲಿ ಕತ್ತಲು.