ಪುಟ್ಟ ಹಡಗಿಗೆ ಅಷ್ಟು ಹೊಳಪೇಕೆ?

ಮರದಲ್ಲಿ ಹಡಗಿನ ಮಾದರಿ ಕಟ್ಟಲು ಕೂತವರಿಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಮೇಜು, ಕುರ್ಚಿ ಮಾಡುವ ಬಡಗಿತನದಿಂದ ಬಂದವು. ಮೇಜಿಗೆ ಒಪ್ಪುವ ಮಾತು ಪುಟ್ಟ ಹಡಗಿಗೆ ಒಪ್ಪುವುದಿಲ್ಲ. ಇಲ್ಲಿ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ: ಅಸಲಿ ಹಡಗು ಇಷ್ಟು ಕುಗ್ಗಿದ್ದರೆ ಇದು ಹೇಗೆ ಕಾಣುತ್ತಿತ್ತು?

"ಅಸಲಿ ಹಡಗು ಯಾವ ಮರದ್ದೋ ಮಾದರಿಯೂ ಅದೇ ಮರದ್ದಿರಬೇಕು"

1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ಕಟ್ಟಿ ನೀರಿಗಿಳಿಸಿದ ಟ್ರಿಂಕೋಮಲಿ ಯುದ್ಧನೌಕೆ ಮಲಬಾರಿನ ತೇಗದ್ದು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಆದರೂ ಅದರ ಮಾದರಿಗೆ ತೇಗ ಒಗ್ಗದು. ಹಲಗೆಯನ್ನು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸಲಾಗದು. 1:64ರ ಪ್ರಮಾಣದಲ್ಲಿ ಒಂದಡಿ ಅಗಲದ ಹಲಗೆ 5 ಮಿಲಿಮೀಟರಿಗೂ ಕಡಿಮೆ. ಅಷ್ಟರಲ್ಲಿ ತೇಗದ ಒರಟು ಎಳೆ ಎದ್ದು ಕಂಡರೆ ನೋಡುವವರಿಗೆ ಹಡಗು ಮರೆತು ಬರೀ ಮರದ ತುಂಡು ಕಾಣುತ್ತದೆ. ಅದಕ್ಕೇ ಪಳಗಿದವರು ನವಿರು ಎಳೆಯ ಬಾಕ್ಸ್‌ವುಡ್, ಪಿಯರ್ ಮರಗಳನ್ನು ಹುಡುಕುವುದು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರವೂ ಬಿಳುಪು, ನುಣುಪು. ಚಿಕ್ಕ ಭಾಗಗಳಿಗೆ ಅದನ್ನು ಬಳಸಿ ನೋಡಬೇಕೆಂದು ನನ್ನ ಒತ್ತಾಯ.

"ಮೊದಲ ಮಾದರಿಯೇ ನೆಲ್ಸನ್‌ನ ವಿಕ್ಟರಿ ಆಗಲಿ"

ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಆ ಯುದ್ಧನೌಕೆಗೆ 104 ಫಿರಂಗಿ, ಮೂರು ಕೂವೆಮರ, ಲೆಕ್ಕವಿಲ್ಲದಷ್ಟು ಹಗ್ಗ. ವರ್ಷಗಟ್ಟಲೆ ಹಿಡಿಯುವ ಕೆಲಸ ಅದು. ಒಂದೇ ಕೂವೆಮರದ ಮೀನುಗಾರಿಕೆ ದೋಣಿಯಿಂದ ಆರಂಭಿಸಿ.

"ಮರದ ಪಟ್ಟಿಯನ್ನು ರಾತ್ರಿಯಿಡೀ ನೆನೆಸಿದರೆ ಹೇಳಿದಂತೆ ಬಾಗುತ್ತದೆ"

ಮರವನ್ನು ಬಾಗಿಸುವುದು ನೀರಿಗಿಂತ ಶಾಖ. ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ, ಆರಿದಾಗ ಹೊಸ ಬಾಗಿನಲ್ಲೇ ಗಟ್ಟಿಯಾಗುತ್ತದೆ. ನೆನೆದು ಉಬ್ಬಿದ ಪಟ್ಟಿಯನ್ನು ಹಸಿಯಾಗಿಯೇ ಅಂಟಿಸಿದರೆ, ಒಣಗಿ ಕುಗ್ಗಿದ ಮೇಲೆ ಸಂದು ಬಿಡುವುದು ಖಂಡಿತ. ತುಸು ಒದ್ದೆ ಮಾಡಿ, ಕಾಯಿಸಿ ಬಾಗಿಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಹಡಗಿನ ಸುತ್ತಳತೆ ಹೊಟ್ಟೆಯಲ್ಲಿ ಹೆಚ್ಚು, ಮೂತಿಯಲ್ಲಿ ಕಡಿಮೆ. ಆದ್ದರಿಂದ ಪಟ್ಟಿಗಳನ್ನೂ ಮೂತಿಯ ಕಡೆಗೆ ಸಪೂರ ಮಾಡಿಕೊಳ್ಳಬೇಕು. ಒತ್ತಾಯದಿಂದ ಕೂರಿಸಿದ ಪಟ್ಟಿ ಅಂಚಿನಲ್ಲಿ ಮೇಲೆದ್ದೇ ತೀರುತ್ತದೆ.

"ಹಳೆಯ ಹಡಗೆಂದರೆ ತಳಕ್ಕೆ ತಾಮ್ರ"

ಸ್ವೀಡನ್ನಿನ ವಾಸಾ ಯುದ್ಧನೌಕೆ ಮುಳುಗಿದ್ದು 1628ರಲ್ಲಿ, ತಾಮ್ರದ ಹೊದಿಕೆ ಬರುವುದಕ್ಕೂ ಬಹಳ ಮೊದಲು. ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರ ಹೊದಿಸಿ ಪರೀಕ್ಷಿಸಿದ್ದು 1761ರಲ್ಲಿ; ಇಡೀ ಪಡೆಗೆ ಅದು ಹಬ್ಬಿದ್ದು 1780ರ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ಎಣ್ಣೆ, ರಾಳ, ಗಂಧಕ ಕಲಸಿದ ಬಿಳಿಚು ಲೇಪವನ್ನೂ ತಳಕ್ಕೆ ಬಳಿಯುತ್ತಿದ್ದರು. ಹಾಗಾಗಿ ತಾಮ್ರದ ತಗಡು ಅಂಟಿಸುವ ಮೊದಲು ಹಡಗಿನ ಇಸವಿ ನೋಡಿ. ತಗಡಿನ ಮೇಲಿನ ಮೊಳೆಗಳ ಉಬ್ಬೂ ಅಳತೆ ಮೀರಬಾರದು. 1 ಸೆಂಟಿಮೀಟರ್ ಅಗಲದ ಮೊಳೆಯ ತಲೆ 1:64ರಲ್ಲಿ 0.16 ಮಿಲಿಮೀಟರ್ ಅಷ್ಟೆ, ಬರಿಗಣ್ಣಿಗೆ ದಕ್ಕುವುದೇ ಕಷ್ಟ.

"ವಾರ್ನಿಶ್ ಹೆಚ್ಚಿದಷ್ಟೂ ಅಂದ ಹೆಚ್ಚು"

ಒಳ್ಳೊಳ್ಳೆಯ ಮಾದರಿಗಳು ಕೆಡುವುದು ಇಲ್ಲೇ. 1:64ರ ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೂ, ಅಸಲಿ ಹಡಗನ್ನು 64 ಮೀಟರ್ ಆಚೆಯಿಂದ ನೋಡುವುದೂ ಒಂದೇ. ಬಿಸಿಲು, ಉಪ್ಪುಗಾಳಿ, ಟಾರು ಕಂಡ ಮರ ಅಷ್ಟು ದೂರಕ್ಕೆ ಕನ್ನಡಿಯಂತೆ ಫಳಫಳ ಹೊಳೆಯುವುದಿಲ್ಲ. ದಪ್ಪ ವಾರ್ನಿಶ್ ಮಾಡುವ ಇನ್ನೊಂದು ಅನ್ಯಾಯವೆಂದರೆ, ಪಟ್ಟಿಗಳ ನಡುವಿನ ಸಣ್ಣ ಗೆರೆಗಳನ್ನೂ ಕೆತ್ತನೆಯ ಮೂಲೆಗಳನ್ನೂ ತುಂಬಿಬಿಡುತ್ತದೆ. ತಿಂಗಳುಗಟ್ಟಲೆ ಕೂತು ಮೂಡಿಸಿದ ಗೆರೆಗಳು ಅವು!

120ರಿಂದ 240, 240ರಿಂದ 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಎಳೆಯ ದಿಕ್ಕಿಗೇ ಉಜ್ಜಿ, ಧೂಳು ಪೂರ್ತಿ ಒರೆಸಿ. ಆಮೇಲೆ ತೆಳು ಮಾಡಿದ ಅರಗಿನ ಪಾಲಿಶನ್ನೋ ಹೊಳಪಿಲ್ಲದ ವಾರ್ನಿಶನ್ನೋ ಒಂದೆರಡು ಬಾರಿ ಬಳಿದರೆ ಸಾಕು. ಹೊರಗೆ ಜಿನುಗಿದ ಬಿಳಿ ಅಂಟನ್ನು ಪಟ್ಟಿ ಅಂಟಿಸುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿರಬೇಕು. ಅಂಟು ಹೀರಿದ ಜಾಗ ಬಣ್ಣ ಹಿಡಿಯದೆ ಕಲೆಯಾಗಿ ಉಳಿಯುತ್ತದೆ, ಅದು ಗೊತ್ತಾಗುವುದು ಬಣ್ಣ ಹಚ್ಚಿದ ಮೇಲೆಯೇ.

"ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿದರೆ ಚಿಂತೆಯಿಲ್ಲ"

ಧೂಳೇನೋ ಬಾರದು. ಆದರೆ ಗಾಳಿಯಾಡದ ಪೆಟ್ಟಿಗೆಯೊಳಗೆ ಮರವೇ, ಅದರಲ್ಲೂ ಓಕ್ ಮರ, ಆಮ್ಲದ ಆವಿ ಬಿಡುತ್ತದೆ. ಸೀಸದಲ್ಲಿ ಎರಕ ಹೊಯ್ದ ಫಿರಂಗಿ, ಲಂಗರುಗಳು ಆ ಆವಿಗೆ ಬಿಳಿ ಪುಡಿಯಾಗಿ ಉದುರುತ್ತವೆ. ವಸ್ತುಸಂಗ್ರಹಾಲಯಗಳ ಅಮೂಲ್ಯ ಮಾದರಿಗಳೂ ಹೀಗೆ ಹಾಳಾಗಿವೆ. ಸೀಸದ ಬದಲು ಹಿತ್ತಾಳೆ ಬಳಸಿ, ಪೆಟ್ಟಿಗೆಗೆ ಓಕ್ ಬೇಡ. ಅದರ ತಳದಲ್ಲಿ ಎದುರುಬದುರಾಗಿ ನಾಲ್ಕಾರು ತೂತು ಕೊರೆದು, ಸಣ್ಣ ಜಾಲರಿ ಹಾಕಿ ಗಾಳಿಗೆ ದಾರಿ ಬಿಡಿ.